ಸ್ಟಿಕ್ಕರ್ ರಂಗೋಲಿ ಯಾಕೆ ನೆಮ್ಮದಿ ಕೊಡದು?

ಬಾಗಿಲಿಗೆ ರಂಗೋಲಿ ಬಿಟ್ಟರೆ ಅದರ ಆಕಾರದಿಂದ ‘ಪಾಸಿಟಿವ್ ಎನರ್ಜಿ’ ಹೊಮ್ಮುತ್ತದೆ ಎಂಬ ವಾಟ್ಸಾಪ್ ಸಂದೇಶ ಮೈಸೂರಿನಲ್ಲಿ ಯಾರಿಗೆ ಬಂದಿಲ್ಲ? ಆಕಾರಕ್ಕೇ ಆ ಶಕ್ತಿ ಇದ್ದಿದ್ದರೆ ಹೊಸ್ತಿಲಿಗೆ ಅಂಟಿಸುವ ಸ್ಟಿಕ್ಕರೇ ಸಾಕಾಗಿತ್ತು. ಸ್ಟಿಕ್ಕರ್ ಅಂಟಿಸಿ ಮನಸ್ಸು ಹಗುರಾಯಿತು ಎಂದವರನ್ನು ನಾನಂತೂ ಕಂಡಿಲ್ಲ.

ನೆಮ್ಮದಿ ಇರುವುದು ಆಕಾರದಲ್ಲಲ್ಲ, ಬಿಡಿಸುವ ಕೆಲಸದಲ್ಲಿ. ಏಳರಿಂದ ನಾಲ್ಕರವರೆಗಿನ ಸಂದು ಚುಕ್ಕಿ ತೆಗೆದುಕೊಳ್ಳಿ. ನಡುಸಾಲಿನಲ್ಲಿ 7, ಮೇಲೂ ಕೆಳಗೂ 6, 5, 4. ಒಟ್ಟು 37 ಚುಕ್ಕಿ. ಹೆಬ್ಬೆರಳು, ತೋರುಬೆರಳಿನ ನಡುವಿನಿಂದ ಪುಡಿ ಜಾರುವಾಗ ಎಳೆ ದಪ್ಪವಾಗಬಾರದು. ಕಣ್ಣು ಆಗಲೇ ಮುಂದಿನ ತಿರುವಿನಲ್ಲಿರಬೇಕು. ಎಡಕ್ಕೆ ಹಾಕಿದ ಸುತ್ತು ಬಲಕ್ಕೂ ಬರಬೇಕೆಂಬ ಲೆಕ್ಕ ತಲೆಯಲ್ಲಿ ನಿಂತಿರಬೇಕು. ಈ ಲೆಕ್ಕ ನಿಲ್ಲುವುದು ‘ವರ್ಕಿಂಗ್ ಮೆಮೊರಿ’ಯಲ್ಲಿ, ಅಂದರೆ ಕೈಯಲ್ಲಿರುವ ಕೆಲಸಕ್ಕೆ ಬೇಕಾದ್ದನ್ನು ಆ ಹೊತ್ತಿಗಷ್ಟೇ ಹಿಡಿದಿಡುವ ನೆನಪಿನಲ್ಲಿ; ಅದರ ಮಾದರಿಯನ್ನು 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಬ್ಯಾಡ್ಲಿ ಮತ್ತು ಹಿಚ್ ಮುಂದಿಟ್ಟರು. ಅದು ತೀರಾ ಇಕ್ಕಟ್ಟಿನ ಜಗಲಿ, ಒಮ್ಮೆಗೆ ನಾಲ್ಕು ವಿಷಯ ಕೂತರೆ ಹೆಚ್ಚು. ಮಗಳ ಫೀಸು, ಸಾಲದ ಕಂತು, ನಿನ್ನೆ ಯಾರೋ ಆಡಿದ ಚುಚ್ಚುಮಾತು, ಇವನ್ನು ನೆನೆದು ಕೊರಗುವುದಕ್ಕೂ ಅದೇ ಜಗಲಿ ಬೇಕು. ಎಳೆಯ ಲೆಕ್ಕ ಅಲ್ಲಿ ಕೂತಿರುವಷ್ಟು ಹೊತ್ತು ಕೊರಗಿಗೆ ಜಾಗ ಸಾಲದು. ಜೊತೆಗೆ, ಸುಮ್ಮನೆ ಕೂತಾಗ ಚುರುಕಾಗಿ ನಮ್ಮ ಬಗ್ಗೆಯೇ ಮೆಲುಕು ಹಾಕಿಸುವ ‘ಡಿಫಾಲ್ಟ್ ಮೋಡ್’ ಎಂಬ ಮಿದುಳಿನ ಜಾಲವೂ ಹೊರಗಿನ ಕೆಲಸಕ್ಕೆ ಗಮನ ಹರಿದಾಗ ತಣ್ಣಗಾಗುತ್ತದೆ. 2001ರಲ್ಲಿ ನರವಿಜ್ಞಾನಿ ಮಾರ್ಕಸ್ ರೈಕ್ಲ್ ತಂಡ ವಿವರಿಸಿದ್ದು ಇದನ್ನೇ.

ಮನಸ್ಸನ್ನು ಅಳೆದು ನೋಡುವ ವಿದ್ಯೆ ಮೈಸೂರಿಗೆ ಹೊಸದೇನಲ್ಲ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ, ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ನರ ಬಳಿ ಕಲಿತು ಬಂದವರು, 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಬಿತ್ತರಿಸಿದವರೂ ಅವರೇ. ಅಂಥ ಊರಿನಲ್ಲಿ ಅಳತೆಗೆ ಸಿಗದ ‘ಎನರ್ಜಿ’ಯ ಮಾತು ಇಷ್ಟು ಸಲೀಸಾಗಿ ಓಡಾಡುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ಕೈಯಾರೆ ಚಿತ್ರ ಮಾಡಿದರೆ ಒತ್ತಡ ಇಳಿಯುತ್ತದೆಯೇ ಎಂದು ಅಳೆದವರೂ ಇದ್ದಾರೆ. ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ 2016ರ ಅಧ್ಯಯನದಲ್ಲಿ 39 ವಯಸ್ಕರು 45 ನಿಮಿಷ ಚಿತ್ರ, ಜೇಡಿಮಣ್ಣು, ಕೊಲಾಜ್ ಎಂದು ಇಷ್ಟಬಂದದ್ದನ್ನು ಮಾಡಿದರು. ಸುಮಾರು ಮುಕ್ಕಾಲುಪಾಲು ಜನರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿದಿತ್ತು. ಮೊದಲೇ ಕೈ ಪಳಗಿದವರಿಗೂ ಹೊಸಬರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲವಾದ್ದರಿಂದ ಇದೇ ಕಡೆಯ ಮಾತು ಎನ್ನುವಂತಿಲ್ಲ.

ಒಂದು ತೊಡಕಂತೂ ಇದೆ. ದಿನಾ ಅದೇ ರಂಗೋಲಿ ಬಿಟ್ಟರೆ ಕೈ ತಾನಾಗಿಯೇ ಓಡುತ್ತದೆ, ಜಗಲಿ ಖಾಲಿಯಾಗುತ್ತದೆ, ಸಾಲದ ಕಂತು ಮತ್ತೆ ಬಂದು ಕೂರುತ್ತದೆ. ಧನುರ್ಮಾಸದಲ್ಲಿ ದಿನಕ್ಕೊಂದು ಹೊಸ ರಂಗೋಲಿ ಹುಡುಕುವವರು ಇದಕ್ಕೆ ಮದ್ದು ಕಂಡುಕೊಂಡಿದ್ದಾರೆ. ಏಳರಿಂದ ನಾಲ್ಕು ಕೈಗೆ ಕೂತವರು ಹದಿಮೂರರಿಂದ ಏಳಕ್ಕೆ ಕೈಹಾಕಲಿ. ಅಲ್ಲಿ 127 ಚುಕ್ಕಿಗಳಿವೆ.