ಕಾರ್ಬನ್ ರಿಮ್ಮೂ ಫರ್ಸಿ ಕಲ್ಲಿನ ಅಂಚೂ

ಕಲಬುರಗಿ ಜಿಲ್ಲೆಯ ಶಹಾಬಾದ್ ಕಡೆ ಕಲ್ಲು ಗಣಿಗಳ ಪಕ್ಕದ ಹಾದಿಗಳಲ್ಲಿ ಒಡೆದ ಫರ್ಸಿ (ನೆಲಕ್ಕೆ ಹಾಸುವ ಕಲ್ಲು) ಚೂರುಗಳು ಬಿದ್ದಿರುತ್ತವೆ. ಈ ಸುಣ್ಣದ ಕಲ್ಲು ಪದರ ಪದರವಾಗಿ ಸೀಳುತ್ತದೆ. ಹಾಗಾಗಿ ಅಂಚು ನೇರ, ಚೂಪು. ಮೋಟಾರ್ ಇರುವ ಗುಡ್ಡಗಾಡು ಸೈಕಲ್, ಅಂದರೆ ಮೌಂಟನ್ ಬೈಕ್‌ಗೆ ಕಾರ್ಬನ್ ರಿಮ್ ಹಾಕಿಸಬೇಕು ಅನ್ನುವವರು ಹೆದರಬೇಕಾದದ್ದು ಈ ಅಂಚಿಗೆ. ಅವರು ಚಿಂತೆ ಮಾಡುವುದು ಮಾತ್ರ ಬೈಕಿನ ತೂಕವನ್ನು ರಿಮ್ ತಡೆಯುತ್ತದೋ ಇಲ್ಲವೋ ಅಂತ.

ತೂಕದ ಲೆಕ್ಕ ಹಾಕೋಣ. ಸಾದಾ ಬೈಕ್ 14 ಕಿಲೋ, ಮೋಟಾರಿನದ್ದು 24 ಕಿಲೋ ಅಂದುಕೊಳ್ಳಿ. 75 ಕಿಲೋ ಸವಾರ ಕೂತರೆ ಒಟ್ಟು 89 ಮತ್ತು 99. ಜಾಸ್ತಿಯಾದದ್ದು ನೂರಕ್ಕೆ 11ರಷ್ಟು, ಅಷ್ಟೇ. ಆದರೆ ವೇಗ ನೋಡಿ. ಏರು ದಾರಿಯಲ್ಲಿ ಗಂಟೆಗೆ 7 ಕಿಲೋಮೀಟರ್ ಹೋಗುತ್ತಿದ್ದವರು ಮೋಟಾರ್ ನೆರವಿದ್ದರೆ 14ರಲ್ಲಿ ಹತ್ತುತ್ತಾರೆ. ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟು. ಮೇಲಾಗಿ, ಭಾರದ ಬೈಕಿನ ಹಿಂದಿನ ಚಕ್ರವನ್ನು ಕಲ್ಲು ಬಂದಾಗ ಎತ್ತಿ ದಾಟಿಸುವುದು ಕಷ್ಟ. ಹಿಂದಿನ ರಿಮ್ ಮೊದಲು ಹಾಳಾಗುವುದು ಸುಮ್ನೆ ಅಲ್ಲ.

ಕೂದಲಿಗಿಂತ ತೆಳುವಾದ ಇಂಗಾಲದ ಎಳೆಗಳ ಹಾಳೆಗಳನ್ನು ಪ್ಲೈವುಡ್ ಥರ ಬೇರೆ ಬೇರೆ ದಿಕ್ಕಿಗೆ ಜೋಡಿಸಿ, ಎಪಾಕ್ಸಿ ಅಂಟು ಕೂಡಿಸಿ, ಅಚ್ಚಿನಲ್ಲಿ ಕಾಯಿಸಿ ಕಾರ್ಬನ್ ರಿಮ್ ಮಾಡುತ್ತಾರೆ. ಎಳೆಯ ಉದ್ದಕ್ಕೆ ಜಗ್ಗಿದರೆ ಬಲು ಗಟ್ಟಿ. ಪದರ ಪದರದ ನಡುವೆ ಮಾತ್ರ ಅಂಟಿನದೇ ಬಲ, ಅದು ಕಡಿಮೆ. ಅಲ್ಯೂಮಿನಿಯಂಗೆ ದೊಡ್ಡ ಪೆಟ್ಟು ಬಿದ್ದರೆ ತಗ್ಗು ಬೀಳುತ್ತದೆ, ಪೆಟ್ಟಿನ ಶಕ್ತಿ ಅದರಲ್ಲೇ ಕಳೆದುಹೋಗುತ್ತದೆ. ಕಾರ್ಬನ್ ಹಾಗಲ್ಲ. ಮಿತಿಯೊಳಗೆ ಬಾಗಿದರೆ ಪೂರ್ತಿ ಮೊದಲಿನಂತೆ ಆಗುತ್ತದೆ. ಮಿತಿ ದಾಟಿದರೆ ಬಿರುಕು. ಒಳ್ಳೆಯ ಕಾರ್ಬನ್ ರಿಮ್ ವರ್ಷಗಟ್ಟಲೆ ಔಟ್ ಆಗದೆ, ಅಂದರೆ ಡೊಂಕಾಗದೆ ತಿರುಗಬಹುದು, ಒಂದೇ ಕಲ್ಲಿಗೆ ಸೀಳಲೂಬಹುದು. ಕೆಲವೊಮ್ಮೆ ಹೊರಗೆ ಗೆರೆಯೂ ಕಾಣುವುದಿಲ್ಲ, ಒಳಗೆ ಪದರ ಬಿಟ್ಟಿರುತ್ತದೆ. ನಾಣ್ಯದಿಂದ ಸುತ್ತಲೂ ತಟ್ಟಿ ನೋಡಿ. ಒಂದು ಕಡೆ ಸದ್ದು ಮಂಕಾದರೆ ಅನುಮಾನ ಪಡಿ. ಸದ್ದು ಸರಿಯಿದ್ದರೂ ರಿಮ್ ಸರಿಯಿದೆ ಅಂತ ಗ್ಯಾರಂಟಿ ಇಲ್ಲ.

ಕಾರ್ಬನ್ ರಿಮ್ ಬಿಸಿಲಿಗೆ ಮೆತ್ತಗಾಗುತ್ತಾ? ನಮ್ಮ ಕಡೆ ಈ ಭಯ ಸಹಜ, ಅಲ್ವಾ? ರಿಮ್ಮನ್ನೇ ಹಿಡಿದು ನಿಲ್ಲಿಸುವ ಬ್ರೇಕ್ ಇದ್ದಾಗ, ಉದ್ದನೆಯ ಇಳಿಜಾರಿನಲ್ಲಿ ಕಾರ್ಬನ್ ಕಾದು ಕೆಟ್ಟದ್ದುಂಟು. ಈ ಬೈಕುಗಳಲ್ಲಿ ಇರುವುದು ಡಿಸ್ಕ್ ಬ್ರೇಕ್, ಅದು ರಿಮ್ಮನ್ನು ಮುಟ್ಟುವುದೇ ಇಲ್ಲ. ಕಲಬುರಗಿಯ 42 ಡಿಗ್ರಿ ಬಿಸಿಲು ಎಪಾಕ್ಸಿಗೆ ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬರುವುದು ಟೈರಿನ ಹವಾ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿಯಲ್ಲಿ 25 ಪಿಎಸ್‌ಐ ಹವಾ ಹಾಕಿ, ಮರುದಿನ ನಸುಕಿನಲ್ಲಿ 26 ಡಿಗ್ರಿ ಇದ್ದಾಗ ಹೊರಟರೆ ಅದು ಸುಮಾರು 23ಕ್ಕೆ ಇಳಿದಿರುತ್ತದೆ. ಚೂರೂ ಸೋರಿರುವುದಿಲ್ಲ, ತಂಪಿಗೆ ಗಾಳಿಯ ಒತ್ತಡ ಕುಗ್ಗಿರುತ್ತದೆ. ಹವಾ ಕಡಿಮೆಯಾದಷ್ಟೂ ಟೈರ್ ಬೇಗ ಚಪ್ಪಟೆಯಾಗಿ, ಕಲ್ಲಿನ ಅಂಚು ರಿಮ್ಮಿಗೆ ಬಡಿಯುತ್ತದೆ. ಹಾಗಾಗಿ ಹೊರಡುವ ಹೊತ್ತಿಗೇ ಹವಾ ಅಳೆಯಬೇಕು.

ನನ್ನ ಕೇಳಿದರೆ ಈ ನೆಲಕ್ಕೆ ಮುಂದಿನ ಚಕ್ರಕ್ಕೆ ಕಾರ್ಬನ್, ಹಿಂದಿನದಕ್ಕೆ ಅಲ್ಯೂಮಿನಿಯಂ. ಅಲ್ಯೂಮಿನಿಯಂ ರಿಮ್ ಸ್ವಲ್ಪ ಔಟ್ ಆದರೆ ಕಡ್ಡಿ ಬಿಗಿ ಮಾಡಿ, ಸಡಿಲಿಸಿ ಊರಿನ ಸೈಕಲ್ ಅಂಗಡಿಯಲ್ಲೇ ಬೆಂಡು ತೆಗೆಸಬಹುದು. ಬಿರುಕು ಬಿಟ್ಟ ಕಾರ್ಬನ್‌ಗೆ ಆ ದಾರಿಯಿಲ್ಲ. ಕಾರ್ಬನ್ ಹಾಕಿಸುವುದಾದರೆ ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ ಹಿತ್ತಾಳೆಯದೇ ಇರಲಿ. ಕಾರ್ಬನ್‌ಗೆ ಅಲ್ಯೂಮಿನಿಯಂ ನಿಪ್ಪಲ್ ತಾಗಿ, ಅಲ್ಲಿ ನೀರು ನಿಂತರೆ ಎರಡರ ನಡುವೆ ಸಣ್ಣಗೆ ವಿದ್ಯುತ್ ಹರಿದು ನಿಪ್ಪಲ್ ಸವೆಯುತ್ತದೆ. ಮಳೆಗಾಲದಲ್ಲಿ ಎರೆ ಮಣ್ಣು ಚಕ್ರಕ್ಕೆ ಮೆತ್ತಿಕೊಂಡರೆ ಆ ತೇವ ಬೇಗ ಆರುವುದೂ ಇಲ್ಲ.