ಕುದುರೆಯ ಸುತ್ತು ಮತ್ತು ಹದಿನಾಲ್ಕು ಅಂಕಿಗಳ ಸಂಖ್ಯೆ

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕಿತ್ತುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಉಳಿದದ್ದು ಪಟ್ಟದ ಹೆಸರು, ಬೇಕಾದಷ್ಟು ಬಿಡುವು. ಆ ಬಿಡುವು ಗ್ರಂಥಗಳಿಗೂ ಮಣೆಯಾಟಗಳಿಗೂ ಸಂದಿತು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗವೇ ಆಟಗಳಿಗೆ ಮೀಸಲು. ಚದುರಂಗದಲ್ಲಿ ಅವರನ್ನು ವಿಶೇಷವಾಗಿ ಸೆಳೆದದ್ದು ಕುದುರೆ. ಎರಡು ಮನೆ ನೇರ ಹೋಗಿ ಒಂದು ಮನೆ ಪಕ್ಕಕ್ಕೆ ಸರಿಯುವ ಈ ಕಾಯಿಯನ್ನು 64 ಮನೆಗಳಿಗೂ ಒಂದೊಂದೇ ಸಲ ಮುಟ್ಟಿಸುವುದು ಹೇಗೆ?

ಒಗಟು ಹಳೆಯದೇ. ಒಂಬತ್ತನೆಯ ಶತಮಾನದಲ್ಲಿ ಸಂಸ್ಕೃತದ ಆಲಂಕಾರಿಕ ರುದ್ರಟ ‘ಕಾವ್ಯಾಲಂಕಾರ’ದಲ್ಲಿ ಅರ್ಧ ಮಣೆಯ ಮನೆಗಳಲ್ಲಿ ಅಕ್ಷರಗಳನ್ನಿಟ್ಟು, ಕುದುರೆಯ ನಡೆಯಲ್ಲಿ ಓದಬಹುದಾದ ಶ್ಲೋಕ ಹೆಣೆದಿದ್ದ. ಒಡೆಯರು ಇನ್ನಷ್ಟು ಕಠಿಣವಾದದ್ದಕ್ಕೆ ಕೈಹಾಕಿದರು. ಕುದುರೆ ಕಾಲಿಟ್ಟ ಕ್ರಮದಲ್ಲೇ 1ರಿಂದ 64ರವರೆಗೆ ಬರೆಯುತ್ತ ಹೋದರೆ, ಪ್ರತಿ ಅಡ್ಡಸಾಲೂ ಪ್ರತಿ ಕಂಬಸಾಲೂ ಕೂಡಿಸಿದಾಗ 260 ಬರುವ ಸುತ್ತನ್ನು ಕಟ್ಟಿದರು. ಕರ್ಣಗಳೂ 260 ಆಗುವ ಸುತ್ತು ಈ ಮಣೆಯಲ್ಲಿ ಇಲ್ಲವೇ ಇಲ್ಲ ಎಂಬುದು 2003ರಲ್ಲಿ, ಒಂದು ಕಂಪ್ಯೂಟರಿಗೆ ಸುಮಾರು ಎರಡು ತಿಂಗಳು ಹಿಡಿಯುವಷ್ಟು ಲೆಕ್ಕದ ಬಳಿಕ ಖಚಿತವಾಯಿತು.

ಹೊರಟ ಮನೆಗೇ ಮರಳುವ ಸುತ್ತುಗಳು ಒಟ್ಟು ಎಷ್ಟು ಎಂಬ ಪ್ರಶ್ನೆಗೆ ಉತ್ತರ ಸಿಗಲು ಇಪ್ಪತ್ತನೆಯ ಶತಮಾನದ ಕೊನೆಯೇ ಬರಬೇಕಾಯಿತು. 1996ರಲ್ಲಿ ಜರ್ಮನಿಯ ಗಣಕ ವಿಜ್ಞಾನಿಗಳಾದ ಲೋಬಿಂಗ್ ಮತ್ತು ವೆಗೆನರ್ 3,34,39,12,34,84,294 ಎಂದು ಪ್ರಕಟಿಸಿದರು. ಅದು ತಪ್ಪು ಎನ್ನಲು ಸುತ್ತುಗಳನ್ನು ಮತ್ತೆ ಎಣಿಸಬೇಕಾಗಿರಲಿಲ್ಲ, ಕೊನೆಯ ಎರಡು ಅಂಕಿಗಳೇ ಸಾಕಾದವು. 94 ನಾಲ್ಕರಿಂದ ಭಾಗವಾಗುವುದಿಲ್ಲ.

ನಾಲ್ಕೇ ಏಕೆ? ಕಾಗದದ ಮೇಲೆ ಗೆರೆ ಎಳೆದ ಒಂದು ಸುತ್ತನ್ನು ಕಾಲು, ಅರ್ಧ, ಮುಕ್ಕಾಲು ತಿರುವು ತಿರುಗಿಸಬಹುದು. ಕನ್ನಡಿಗೆ ಹಿಡಿದು ಮತ್ತೆ ಹಾಗೆಯೇ ತಿರುಗಿಸಬಹುದು. ಮೂಲವೂ ಸೇರಿ ಎಂಟು ರೂಪ. ಈ ಮಣೆಯ ಯಾವ ಸುತ್ತೂ ತನ್ನ ಕನ್ನಡಿಬಿಂಬದಂತೆ ಇರುವುದಿಲ್ಲ, ಕಾಲು ತಿರುವಿಗೆ ಬದಲಾಗದೆ ಉಳಿಯುವುದೂ ಇಲ್ಲ. ಕೆಲವು ಮಾತ್ರ ಅರ್ಧ ತಿರುವು ತಿರುಗಿಸಿ ತಲೆಕೆಳಗು ಮಾಡಿದರೂ ಅದೇ ಚಿತ್ರ. ಅಂಥವಕ್ಕೆ ನಾಲ್ಕೇ ರೂಪ. ಎಂಟು, ನಾಲ್ಕುಗಳನ್ನಷ್ಟೇ ಕೂಡುತ್ತ ಹೋದರೆ ಮೊತ್ತ ನಾಲ್ಕರ ಗುಣಕವಾಗದೆ ವಿಧಿಯಿಲ್ಲ. ತಪ್ಪನ್ನು ಲೇಖಕರೂ ಒಪ್ಪಿಕೊಂಡರು.

1997ರಲ್ಲಿ ಆಸ್ಟ್ರೇಲಿಯಾದ ಗಣಿತಜ್ಞ ಬ್ರೆಂಡನ್ ಮ್ಯಾಕೇ ಕೊಟ್ಟ ಸಂಖ್ಯೆಯೇ ಈಗ ಎಲ್ಲರೂ ಒಪ್ಪಿರುವುದು: 1,32,67,36,44,10,532. ಸೆಕೆಂಡಿಗೆ ಒಂದರಂತೆ ಎಣಿಸಿದರೆ ನಾಲ್ಕು ಲಕ್ಷ ವರ್ಷ ಮೀರುತ್ತದೆ. (ಸುತ್ತುವ ದಿಕ್ಕನ್ನೂ ಲೆಕ್ಕಕ್ಕೆ ಹಿಡಿದರೆ ಇದರ ಇಮ್ಮಡಿ.) ಕೊನೆಯಲ್ಲಿ 32 ಇರುವುದರಿಂದ ನಾಲ್ಕರ ಪರೀಕ್ಷೆಯಲ್ಲಿ ಪಾಸು. ಎಂಟರ ಪರೀಕ್ಷೆಯಲ್ಲಿ ಮಾತ್ರ 4 ಶೇಷ ಉಳಿಯುತ್ತದೆ. ಕನ್ನಡಿ, ತಿರುವುಗಳ ರೂಪಗಳನ್ನೆಲ್ಲ ಒಂದೇ ಎಂದು ಹಿಡಿದರೆ ಒಟ್ಟು 1,65,842 ಕೋಟಿ 8,55,433 ಬಗೆಗಳಿವೆ. ಅವುಗಳಲ್ಲಿ ತಲೆಕೆಳಗಾದರೂ ಬದಲಾಗದವು 6,08,233. ಇದು ಬೆಸ ಸಂಖ್ಯೆಯಾದ್ದರಿಂದಲೇ ಆ ಶೇಷ.