ಕಾಣೆಯಾದ ಫೈಲು ವಿಂಡೋಸ್‌ದೋ, ಸಾಫ್ಟ್‌ವೇರ್‌ದೋ?

ಬ್ಯಾಡಗಿ ಪೇಟೆಯ ಒಂದು ದಲಾಲಿ ಅಂಗಡಿ ಎಂದುಕೊಳ್ಳಿ. ಮೆಣಸಿನಕಾಯಿ ಹಂಗಾಮಿಗೆಂದು ಹೊಸ ಕಂಪ್ಯೂಟರ್ ಬಂದಿದೆ. ಊರಿನ ಪ್ರೋಗ್ರಾಮರ್ ಹಿಂದೆ ಬರೆದುಕೊಟ್ಟಿದ್ದ ಪಟ್ಟಿ ಹಾಕುವ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಯಿತು. ಐಕಾನ್ ಒತ್ತಿದರೆ 'ಎಂಎಸ್‌ವಿಸಿಪಿ140 ಡಿಎಲ್‌ಎಲ್ ಸಿಗುತ್ತಿಲ್ಲ' ಎಂಬ ಸಂದೇಶ. ಆಗ ಬಹಳ ಜನ ವಿಂಡೋಸೇ ಕೆಟ್ಟಿದೆ ಎಂದು ಫಾರ್ಮ್ಯಾಟ್ ಮಾಡಿಸಲು ಹೊರಡುತ್ತಾರೆ. ಅದರ ಅಗತ್ಯವಿಲ್ಲ.

ಡಿಎಲ್‌ಎಲ್ ಎಂದರೆ ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಹಾಯಕ ಫೈಲು. ಈ ಫೈಲು ವಿಂಡೋಸ್‌ನ ಸ್ವಂತದ್ದಲ್ಲ. ಮೈಕ್ರೋಸಾಫ್ಟ್‌ನ 'ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್' ಎಂಬ ಪ್ಯಾಕೇಜಿನದು. ಹಳೆಯ ಯಂತ್ರದಲ್ಲಿ ಬೇರೆ ಯಾವುದೋ ಪ್ರೋಗ್ರಾಂ ಅದನ್ನು ತಂದಿಟ್ಟಿರುತ್ತದೆ, ಹೊಸದರಲ್ಲಿ ಅದಿಲ್ಲ. 2015ರಿಂದ 2022ರವರೆಗಿನ ಆವೃತ್ತಿಗಳಿಗೆ ಒಂದೇ ಪ್ಯಾಕೇಜ್ ಸಾಕು. ಅದನ್ನು ಮೈಕ್ರೋಸಾಫ್ಟ್‌ನ ತಾಣದಿಂದಲೇ ಇಳಿಸಿಕೊಳ್ಳಿ. ಬಿಡಿ ಡಿಎಲ್‌ಎಲ್ ಹಂಚುವ ತಾಣಗಳ ಕಡೆ ದಯವಿಟ್ಟು ಹೋಗಬೇಡಿ: ಫೈಲಿನ ಜೊತೆ ವೈರಸ್ ಬರಬಹುದು, ಅಥವಾ ಹೊಂದದ ಆವೃತ್ತಿ ಬಂದು ಇನ್ನೊಂದು ಪ್ರೋಗ್ರಾಂ ನಿಲ್ಲಬಹುದು.

ಹೆಚ್ಚು ಜನ ಎಡವುವುದು 32 ಮತ್ತು 64 ಬಿಟ್ ಲೆಕ್ಕದಲ್ಲಿ. ವಿಂಡೋಸ್ 64 ಬಿಟ್‌ನದಾದರೂ ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್ ಸಾಮಾನ್ಯವಾಗಿ 32 ಬಿಟ್‌ನದು. ಅದಕ್ಕೆ ಎಕ್ಸ್86, ಅಂದರೆ 32 ಬಿಟ್‌ನ ಪ್ಯಾಕೇಜೇ ಬೇಕು. 64 ಬಿಟ್‌ನ ಎಕ್ಸ್64 ಒಂದನ್ನೇ ಹಾಕಿದರೆ ಸಂದೇಶ ಹಾಗೇ ಉಳಿಯುತ್ತದೆ. ಎರಡನ್ನೂ ಹಾಕಿದರೆ ತೊಂದರೆಯಿಲ್ಲ. ಫೋಲ್ಡರ್ ಹೆಸರುಗಳಂತೂ ಪೂರ್ತಿ ತಿರುವುಮುರುವು: 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಒಳಗಿರುವುದು 64 ಬಿಟ್ ಫೈಲುಗಳು, ಸಿಸ್‌ವಾವ್64 ಒಳಗಿರುವುದು 32 ಬಿಟ್‌ನವು. ಕೈಯಾರೆ ನಕಲು ಮಾಡುವಾಗ ಇವು ಅದಲುಬದಲಾದರೆ 0ಎಕ್ಸ್‌ಸಿ000007ಬಿ ಎಂಬ ದೋಷ ಬರುತ್ತದೆ.

ಸಾಫ್ಟ್‌ವೇರನ್ನು ವಿಷುಯಲ್ ಬೇಸಿಕ್ 6 ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದರೆ 'ಎಂಎಸ್‌ಕಾಮ್‌ಸಿಟಿಎಲ್ ಒಸಿಎಕ್ಸ್' ಇಲ್ಲವೆಂಬ ದೂರು ಬರಬಹುದು. ಈ ಫೈಲನ್ನು ಪ್ರೋಗ್ರಾಮರ್ ಕೊಟ್ಟ ಸೆಟಪ್‌ನಿಂದಲೇ ತೆಗೆದು ಸಿಸ್‌ವಾವ್64ರಲ್ಲಿ ಇಡಬೇಕು. ಬರೀ ಇಟ್ಟರೆ ಕೆಲಸ ಮಾಡದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಅದೇ ಫೋಲ್ಡರಿನಲ್ಲಿರುವ ರೆಗ್‌ಎಸ್‌ವಿಆರ್32 ಎಂಬ ಕಮಾಂಡ್ ಮೂಲಕ ವಿಂಡೋಸ್‌ನಲ್ಲಿ ನೋಂದಾಯಿಸಬೇಕು.

ವಿಂಡೋಸ್ ದುರಸ್ತಿಗೆ ಬಳಸುವ 'ಎಸ್‌ಎಫ್‌ಸಿ /ಸ್ಕ್ಯಾನ್‌ನೌ' ಕಮಾಂಡ್ ಪರಿಶೀಲಿಸುವುದು ವಿಂಡೋಸ್‌ನ ಸ್ವಂತ ಫೈಲುಗಳನ್ನು ಮಾತ್ರ. ಮೇಲಿನ ಎರಡೂ ದೂರುಗಳಲ್ಲಿ ಅದು 'ಎಲ್ಲ ಸರಿಯಿದೆ' ಎಂದರೂ ಸಾಫ್ಟ್‌ವೇರ್ ತೆರೆಯದಿರುವುದು ಇದಕ್ಕೇ. ಬೇರೆ ಪ್ರೋಗ್ರಾಂಗಳೂ ಕೈಕೊಡುತ್ತಿದ್ದರೆ ಮಾತ್ರ ವಿಂಡೋಸನ್ನು ಸಂಶಯಿಸಿ. ಆಗ ಇಂಟರ್ನೆಟ್ ಇಟ್ಟುಕೊಂಡು, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲೇ ಮೊದಲು 'ಡಿಐಎಸ್‌ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್' ಎಂಬ ದುರಸ್ತಿ ಕಮಾಂಡ್, ಅದು ಮುಗಿದ ಮೇಲೆ ಎಸ್‌ಎಫ್‌ಸಿ ಓಡಿಸಿ. ಶೇಕಡಾವಾರು ಅಂಕಿ ಒಂದೇ ಕಡೆ ನಿಂತಂತೆ ಕಂಡರೂ ಕಿಟಕಿ ಮುಚ್ಚಬೇಡಿ.

ಇನ್‌ಸ್ಟಾಲ್ ಆದ ಫೈಲು ಮರುಕ್ಷಣವೇ ಮಾಯವಾದರೆ ಅದು ಆಂಟಿವೈರಸ್ ಕೆಲಸವಿರಬಹುದು. ತಯಾರಕರ ಡಿಜಿಟಲ್ ಸಹಿಯಿಲ್ಲದ ಸಣ್ಣ ಸಾಫ್ಟ್‌ವೇರುಗಳನ್ನು ಅದು ಸಂಶಯದಿಂದ ನೋಡುತ್ತದೆ. ವಿಂಡೋಸ್ ಸೆಕ್ಯುರಿಟಿಯ 'ಪ್ರೊಟೆಕ್ಷನ್ ಹಿಸ್ಟರಿ'ಯಲ್ಲಿ ಆ ಫೈಲಿನ ಹೆಸರು ಸಿಗುತ್ತದೆ. ಪ್ರೋಗ್ರಾಮರ್‌ಗೆ ಫೋನ್ ಮಾಡಿ ಅದು ಅವರದೇ ಫೈಲು ಎಂದು ಖಚಿತವಾದ ಮೇಲಷ್ಟೇ 'ರಿಸ್ಟೋರ್' ಒತ್ತಿ.